ಓಂಕಾರಮೂರ್ತಿಯ ವಿಲ್ಲು, ಕಲ್ಲಜ್ಜಿಯ ಜಾಗ

ತೊಂಬತ್ತಾರನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಓಂಕಾರಮೂರ್ತಿಗೆ ಸಾಯುವ ಯೋಚನೆಯೇನೂ ಇರಲಿಲ್ಲ. ಅವನಿಗಿದ್ದದ್ದು ಒಂದು ಹಾರದ ಯೋಚನೆ.

ಜಾವಳಿಯಿಂದ ಎರಡು ಮೈಲಿ ಒಳಗಿರುವ ನಮ್ಮ ಕೂವೆಹಕ್ಲಿನಲ್ಲಿ ಅವನಿಗೆ ಆರೆಕರೆ ಕಾಫಿ ತೋಟ. ಅದರ ಮೂರು ದಿಕ್ಕಿಗೂ ಮಲ್ಲಿಕಾರ್ಜುನಪ್ಪನವರ ಮುನ್ನೂರು ಎಕರೆ ಎಸ್ಟೇಟ್. ಮೂಡಿಗೆರೆಯಲ್ಲಿ ಯಾರಾದರೂ ಯಾವೂರು ಎಂದು ವಿಚಾರಿಸಿದರೆ ಓಂಕಾರಮೂರ್ತಿ ಊರ ಹೆಸರು ಹೇಳುತ್ತಿರಲಿಲ್ಲ. "ನಂದೂ ಮಲ್ಲಿಕಾರ್ಜುನಪ್ಪನವರ್ದೂ ಒಂದೇ ಬೇಲಿ" ಎನ್ನುತ್ತಿದ್ದ. ಮಾತು ಸುಳ್ಳಲ್ಲ. ಬೇಲಿ ಹಾಕಿಸಿದ್ದು ಮಾತ್ರ ಅವರು.

ಆ ತಿಂಗಳು ಶಾಲೆಯ ಜಗಲಿಯಲ್ಲಿ ಊರ ಸಭೆ ಸೇರಿತು. ವಿಷಯ ಸ್ಮಶಾನ. ನಮ್ಮೂರಿನ ಹಳೆಯ ಸ್ಮಶಾನ ಇರುವುದು ಹಳ್ಳದ ಆಚೆ ದಡದಲ್ಲಿ. ಅಲ್ಲಿಗೆ ಹೋಗಲು ಎರಡು ಮರದ ದಿಮ್ಮಿ ಹಾಕಿದ ಒಂದು ಸಂಕ. ಮಳೆಗಾಲದಲ್ಲಿ ನೀರು ಏರಿ ಸಂಕ ಮುಳುಗಿದರೆ ಸತ್ತವರು ಈಚೆ, ಗುಂಡಿ ಆಚೆ. ಹಾಗಾಗಿ ಈಚೆ ದಡದಲ್ಲೇ ಒಂದು ಜಾಗ ಬೇಕು ಎಂದು ಹದಿನೈದು ವರ್ಷಗಳಿಂದ ಪ್ರತಿ ಸಭೆಯಲ್ಲೂ ಒಮ್ಮತದಿಂದ ತೀರ್ಮಾನವಾಗುತ್ತಿತ್ತು. ಜಾಗ ಯಾರದ್ದು ಎನ್ನುವ ಮಾತು ಬಂದ ಕೂಡಲೇ ಎಲ್ಲರಿಗೂ ಮನೆಯಲ್ಲಿ ಕೆಲಸ ನೆನಪಾಗುತ್ತಿತ್ತು.

ಈ ಸಲ ಮಲ್ಲಿಕಾರ್ಜುನಪ್ಪನವರು ಎದ್ದು, "ಯಾರಾದ್ರೂ ಜಾಗ ಕೊಟ್ರೆ, ಅದಕ್ಕೆ ಕಬ್ಬಿಣದ ಗೇಟು ನಂದು" ಎಂದರು. ಚಪ್ಪಾಳೆಯೋ ಚಪ್ಪಾಳೆ. ಇಲ್ಲದ ಜಾಗಕ್ಕೆ ಗೇಟು ಕೊಟ್ಟ ಪುಣ್ಯಾತ್ಮನಿಗೆ ಸೇವಂತಿಗೆ ಹಾರವೂ ಬಿತ್ತು.

ಆ ಹಾರವನ್ನು ನೋಡಿ ಓಂಕಾರಮೂರ್ತಿ ಎದ್ದು ನಿಂತುಬಿಟ್ಟ.

"ಜಾಗ ನಂದು!"

ಸಭೆಯೆಲ್ಲ ಅವನ ಕಡೆ ತಿರುಗಿತು. ತನ್ನ ಬಾಯಿಂದ ಹೊರಟದ್ದು ಏನೆಂದು ಅವನಿಗೂ ಆಗಲೇ ಗೊತ್ತಾದದ್ದು. ಹಿಂದಿನ ವಾರ ಪೇಪರಿನಲ್ಲಿ, ಯಾರೋ ಒಬ್ಬರು ತಮ್ಮ ಮನೆಯನ್ನು ವಿಲ್ಲಿನ ಮೂಲಕ ಊರಿನ ಶಾಲೆಗೆ ಬಿಟ್ಟು ಹೋದದ್ದನ್ನು ಫೋಟೋ ಸಮೇತ ಓದಿದ್ದ. ದೇವರೇ ಓದಿಸಿದಂತೆ ಅದು ನೆನಪಾಯಿತು.

"ಅಂದ್ರೆ, ನನ್ನ ಕಾಲಾನಂತ್ರ," ಎಂದು ಸೇರಿಸಿದ. "ರಸ್ತೆ ಪಕ್ಕದ ಕಾಲು ಎಕರೆ ತಟ್ಟು. ವಿಲ್ಲು ಬರ್ದಿಡ್ತೀನಿ."

ಎಂಥ ಲೆಕ್ಕಾಚಾರ ನೋಡಿ. ಹಾರ ಈಗ, ಜಾಗ ಆಮೇಲೆ. ಬದುಕಿರುವವರೆಗೆ ಒಂದು ಕಾಫಿ ಗಿಡವೂ ಕೈಬಿಡುವುದಿಲ್ಲ. ಇದರಲ್ಲಿ ದೋಷ ಹುಡುಕಲು ಆ ಸಭೆಯಲ್ಲಿ ಯಾರಿಗೂ ಆಗಲಿಲ್ಲ. ಆದರೆ ತಂದದ್ದು ಒಂದೇ ಹಾರ. ಅದು ಮಲ್ಲಿಕಾರ್ಜುನಪ್ಪನವರ ಕೊರಳಲ್ಲಿ. ಮೇಷ್ಟ್ರು ಆ ಕಡೆ ಈ ಕಡೆ ನೋಡಿ, ಗೋಡೆಯ ಮೇಲಿದ್ದ ದಿವಂಗತ ಹೆಡ್‌ಮಾಸ್ತರರ ಫೋಟೋದಿಂದ ಗಂಧದ ಚಕ್ಕೆಯ ಹಾರ ಬಿಚ್ಚಿ, ಧೂಳು ಕೊಡವಿ, ಓಂಕಾರಮೂರ್ತಿಗೆ ಹಾಕಿದರು.

ಹಾರ ಕೊರಳಿಗೆ ತಗುಲಿದಾಗ ಅವನ ಬೆನ್ನಿನ ಮೇಲೆ ಏನೋ ತಣ್ಣಗೆ ಹರಿದಂತಾಯಿತು.

ಮುಂದಿನ ಸಾಲಿನಲ್ಲಿ ಕಲ್ಲಮ್ಮ ಕೂತಿದ್ದಳು. ಎಂಬತ್ತಾರು ವರ್ಷ. ಊರಿಗೆಲ್ಲ ಕಲ್ಲಜ್ಜಿ. "ಓಂಕಾರ, ನಿಂಗೆ ಈಗ ಎಷ್ಟಾಯ್ತಾ?" ಎಂದು ಕೇಳಿದಳು.

"ಐವತ್ತೇಳು ಅಜ್ಜಿ."

"ನಿಮ್ಮಪ್ಪ ಎಷ್ಟಕ್ಕೆ ಹೋದ್ದು?"

"ತೊಂಬತ್ತೊಂದಕ್ಕೆ."

ಅಜ್ಜಿ ಬೆರಳು ಮಡಿಸುತ್ತಾ ಹೋದಳು. ಎರಡು ಕೈಯ ಬೆರಳೂ ಮೂರು ಸುತ್ತು ಮುಗಿದವು. "ಅಯ್ಯೋ ಶಿವನೇ," ಎಂದು ಹಣೆ ಚಚ್ಚಿಕೊಂಡಳು. "ನಂಗೆ ಅಷ್ಟು ವರ್ಷ ಕಾಯಕ್ಕೆ ಆಗದಿಲ್ಲ ಮಾರಾಯ."

ಮರುವಾರ ಓಂಕಾರಮೂರ್ತಿ ಹೆಂಡತಿ ಪ್ರೇಮಕುಮಾರಿಗೆ ಗೊಬ್ಬರ ತರುತ್ತೇನೆಂದು ಹೇಳಿ ಮೂಡಿಗೆರೆಗೆ ಹೋದ. ಸಭೆಗೆ ಅವಳು ಬಂದಿರಲಿಲ್ಲ. ಸಭೆಯ ಸುದ್ದಿಯನ್ನು ಅವನು ಹೇಳಿರಲೂ ಇಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಕೂರುವ ಪತ್ರ ಬರೆಯುವವರು ಅವನನ್ನು ಕನ್ನಡಕದ ಮೇಲಿಂದ ನೋಡಿದರು.

"ಎಂತ ಕಾಯ್ಲೆ?"

"ಕಾಯ್ಲೆ ಎಂತದೂ ಇಲ್ಲ."

"ಎಲ್ರೂ ಹಂಗೇ ಹೇಳಾದು," ಎಂದು ಅವರು ಕರುಣೆಯಿಂದ ಕಾಗದ ಎಳೆದುಕೊಂಡರು. "ವಿಲ್ಲು ಅಂದ್ರೆ ನೀವು ಹೋದ್ಮೇಲೆ ಮಾತಾಡೋ ಕಾಗದ. ಅದಕ್ಕೇ, ಬರೆಸುವಾಗ ಬುದ್ಧಿ ಸರಿ ಇತ್ತು ಅಂತ ಒಂದು ಡಾಕ್ಟರ್ ಸರ್ಟಿಫಿಕೇಟ್ ಇದ್ರೆ ಒಳ್ಳೇದು. ನಾಳೆ ಯಾರೂ ತಕರಾರು ಮಾಡಂಗಿಲ್ಲ."

ಡಾಕ್ಟರು ಅವನ ಬುದ್ಧಿಯನ್ನು ಪರೀಕ್ಷಿಸಲು ತೋಳಿಗೆ ಪಟ್ಟಿ ಕಟ್ಟಿ ಗಾಳಿ ಒತ್ತಿದರು. ಮುಳ್ಳು ಇಳಿಯುವುದನ್ನು ನೋಡಿ, "ಸ್ವಲ್ಪ ಜಾಸ್ತಿ ಇದೆ. ಹೆದರೋ ಅಂಥದ್ದು ಎಂತದೂ ಇಲ್ಲ" ಎಂದರು.

ಅಲ್ಲಿಯವರೆಗೆ ಅವನು ಅಷ್ಟಾಗಿ ಹೆದರಿರಲಿಲ್ಲ. ಹೆದರುವಂಥದ್ದು ಇಲ್ಲ ಎಂದು ಡಾಕ್ಟರೇ ಹೇಳಿದ ಮೇಲೆ ಏನೋ ಇರಲೇಬೇಕು ಎಂದು ಅವನಿಗೆ ಖಾತ್ರಿಯಾಯಿತು. ವಿಲ್ಲಿಗೆ ಸಹಿ ಹಾಕುವಾಗ 'ಓಂ' ಒಂದು ಸಾಲಿನಲ್ಲಿ, 'ಕಾರಮೂರ್ತಿ' ಇನ್ನೊಂದು ಸಾಲಿನಲ್ಲಿ ಬಿತ್ತು.

ಆಸ್ಪತ್ರೆಯಿಂದ ಅವನು ಹೊರಬಂದದ್ದನ್ನು ನಮ್ಮೂರಿನ ಇಬ್ಬರು ನೋಡಿದರು. ರಿಜಿಸ್ಟ್ರಾರ್ ಆಫೀಸಿನ ಒಳಗೆ ಹೋದದ್ದನ್ನು ಇನ್ನೊಬ್ಬರು ನೋಡಿದರು. ಈ ಮೂವರು ಬಸ್‌ಸ್ಟ್ಯಾಂಡಿನಲ್ಲಿ ಸೇರಿದಾಗ ಸತ್ಯ ಪೂರ್ಣವಾಯಿತು. ಸಂಜೆಯ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬರನ್ನು ಎಬ್ಬಿಸಿ, "ಓಂಕಾರಣ್ಣ, ನೀವು ಕೂತ್ಕಳಿ" ಎಂದ. ಮೂವತ್ತು ವರ್ಷ ನಿಂತೇ ಬಂದಿದ್ದ ಬಸ್ಸು ಅದು. ಓಂಕಾರಮೂರ್ತಿ ಕೂತ. ಎದುರಿಗಿದ್ದವರೆಲ್ಲ ಕಣ್ಣು ತಪ್ಪಿಸಿದರು. ಒಬ್ಬ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡಳು.

ಮೂರನೇ ದಿನದಿಂದ ಜನ ಬರತೊಡಗಿದರು. ಒಬ್ಬರು ಎಳನೀರು ತಂದರು, ಇನ್ನೊಬ್ಬರು ಗಂಜಿ. ಬೇಲಿಯ ವಿಷಯಕ್ಕೆ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯವನು ಕಿತ್ತಳೆ ಬುಟ್ಟಿ ಇಟ್ಟು, "ತಪ್ಪಿದ್ರೆ ಮನಸ್ಸಲ್ಲಿ ಇಟ್ಕಬೇಡಿ" ಎಂದು ಕೈಮುಗಿದು ಹೋದ. ಪ್ರೇಮಕುಮಾರಿಗೆ ಏನೂ ಅರ್ಥವಾಗಲಿಲ್ಲ. ಊರಿಗೆ ಇದ್ದಕ್ಕಿದ್ದಂತೆ ಒಳ್ಳೆಯ ಬುದ್ಧಿ ಬಂದಿದೆ ಎಂದುಕೊಂಡು ಕಿತ್ತಳೆ ಸುಲಿದಳು.

ನಾಲ್ಕನೇ ದಿನ ಕಳಸದಿಂದ ಅವಳ ಅಣ್ಣ ಶಿವಯ್ಯ ಬಂದ. ಬಿಳಿ ಪಂಚೆ, ಬಿಳಿ ಶಲ್ಯ. ಅಂಗಳದಲ್ಲೇ ತಂಗಿಯ ತಲೆ ಹಿಡಿದು ಗೊಳೋ ಎಂದ. "ನಂಗೊಂದು ಮಾತು ಹೇಳ್ಬಾರ್ದನಾ? ಯಾವಾಗ ಆಗಿದ್ದು?"

"ಎಂತ ಆಗಿದ್ದು?"

ಅಷ್ಟರಲ್ಲಿ ಓಂಕಾರಮೂರ್ತಿ ಬಾಗಿಲಿಗೆ ಬಂದ. ಶಿವಯ್ಯನ ಅಳು ಗಕ್ಕನೆ ನಿಂತಿತು.

"ಅಯ್ಯೋ, ಇದಾರೆ!" ಎಂದು ಕಣ್ಣೊರೆಸಿಕೊಂಡ. "ಸದ್ಯ, ಮಾತಾಡಕ್ಕೆ ಸಿಕ್ಕಿದ್ರಲ್ಲ. ಎಂತ ಬಾವ ಇದು? ಕಳಸದ ಬಸ್‌ಸ್ಟ್ಯಾಂಡಲ್ಲಿ ಎಲ್ಲ ಹೇಳ್ತಾವ್ರೆ. ಡಾಕ್ಟ್ರು ಕೈ ಬಿಟ್ರಂತೆ, ನೀವು ವಿಲ್ಲು ಬರ್ಸಿ, ನಿಮ್ಮ ಜಾಗ ನೀವೇ ಗುರ್ತು ಮಾಡ್ಕಂಡ್ರಂತೆ!"

ಪ್ರೇಮಕುಮಾರಿ ಗಂಡನ ಕಡೆ ತಿರುಗಿದಳು. "ಏನ್ರೀ, ಗೊಬ್ಬರ ತರಕ್ಕೆ ಹೋಗಿದ್ದಲ್ವಾ ನೀವು?"

ಅವನು ಎಲ್ಲವನ್ನೂ ಹೇಳಿದ. ಹಾರದ ವಿಷಯ ಒಂದನ್ನು ಬಿಟ್ಟು. ಅವಳು ಒಂದೊಂದೇ ಮಾತಿಗೆ ಕುಸಿಯುತ್ತಾ ಕೊನೆಗೆ ಜಗಲಿಯಲ್ಲಿ ಕೂತಳು. "ಕಾಯ್ಲೆ ಇಲ್ದೆ ಯಾರಾದ್ರೂ ಸ್ಮಶಾನಕ್ಕೆ ಜಾಗ ಕೊಡ್ತಾರನ್ರೀ? ನನ್ ಹತ್ರ ಮುಚ್ಚಿಡ್ಬೇಡಿ. ಬಿ.ಪಿ. ಎಷ್ಟಿತ್ತು?"

"ಸ್ವಲ್ಪ ಜಾಸ್ತಿ ಅಂದ್ರು. ಹೆದ್ರಬೇಡಿ ಅಂದ್ರು."

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು. ಅವತ್ತಿನಿಂದ ಆ ಮನೆಯಲ್ಲಿ ಉಪ್ಪು, ಖಾರ, ಎಣ್ಣೆ ನಿಂತುಹೋದವು. ಕಾಫಿ ಬೆಳೆಯುವವನ ಮನೆಯಲ್ಲಿ ಅವನಿಗೆ ಕಾಫಿಯೂ ಇಲ್ಲ. ಹುರುಳಿಕಾಳಿನ ಕಟ್ಟನ್ನು ನೀರಾಗಿ ಕುಡಿಯುತ್ತಾ ಓಂಕಾರಮೂರ್ತಿ, ಇಷ್ಟು ಜನ ಹೇಳುತ್ತಿರುವಾಗ ತನಗೇ ಗೊತ್ತಿಲ್ಲದ ಏನೋ ಇದ್ದರೂ ಇರಬಹುದು ಎನ್ನುವ ತೀರ್ಮಾನಕ್ಕೆ ಬಂದ. ಒಂದು ತಿಂಗಳಲ್ಲಿ ಆರು ಕೆಜಿ ಇಳಿದ. ಉಪ್ಪಿಲ್ಲದೆ ಇಳಿದದ್ದನ್ನು ಊರು ಕಾಯಿಲೆಯ ಲೆಕ್ಕಕ್ಕೆ ಹಾಕಿಕೊಂಡಿತು.

ಹೆದರಿಕೆ ದಿನದಿಂದ ದಿನಕ್ಕೆ ಬೆಳೆಯಿತು. ಹಲಸಿನ ಮರದ ಅಡಿ ಹೋಗುವುದನ್ನು ಬಿಟ್ಟ, ಹಣ್ಣು ಬೀಳಬಹುದು. ಅದು ಜನವರಿ. ಮರದಲ್ಲಿ ಮಿಡಿಯೂ ಸರಿಯಾಗಿ ಬಿಟ್ಟಿರಲಿಲ್ಲ. ಮೆಣಸು ಕೊಯ್ಯಲು ಏಣಿ ಹತ್ತುವುದು ನಿಂತಿತು. ಹೆಜ್ಜೇನು ಗುಂಯ್ ಎಂದರೆ ಕಂಬಳಿ ಹೊದ್ದು ಕೂರುತ್ತಿದ್ದ. ತೋಟದಲ್ಲಿ ನಡೆಯುವಾಗ ಹಾವಿಗೆಂದು ಕೋಲಿನಿಂದ ನೆಲ ಬಡಿಯುತ್ತಾ ಹೋಗುತ್ತಿದ್ದ. ಕಾಫಿ ಕೊಯ್ಯುತ್ತಿದ್ದ ಹೆಂಗಸರು ಆ ಶಬ್ದ ಕೇಳಿ ಮಾತು ನಿಲ್ಲಿಸಿ, "ಪಾಪ, ಕೋಲು ಬಂತು ಕೈಗೆ" ಎನ್ನುತ್ತಿದ್ದರು. ಆ ಕಾಲು ಎಕರೆ ತಟ್ಟಿನ ಕಡೆಗಂತೂ ಮುಖವನ್ನೇ ಹಾಕುತ್ತಿರಲಿಲ್ಲ. ಅಲ್ಲಿ ಕಾಫಿ ಹಣ್ಣಾಗಿ, ಒಣಗಿ, ಉದುರಿತು.

ಇಷ್ಟರ ಮೇಲೆ ಫೆಬ್ರವರಿಯಲ್ಲಿ ಪಂಚಾಯ್ತಿ ಸೆಕ್ರೆಟರಿ ಬಂದರು. ಬಹಳ ಸಂಭಾವಿತ ಮನುಷ್ಯ. ಕಂಕುಳಲ್ಲಿ ಫೈಲು, ಕೈಯಲ್ಲಿ ಅಳತೆಯ ಟೇಪು. ಜಗಲಿಯ ತುದಿಯಲ್ಲಿ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಮೂರು ಸಲ ಗಂಟಲು ಸರಿ ಮಾಡಿಕೊಂಡರು.

"ಸಾರ್, ನಮ್ಮ ಪಂಚಾಯ್ತಿಗೆ ಸ್ಮಶಾನದ ಕಾಂಪೌಂಡಿಗೆ ಗ್ರಾಂಟ್ ಬಂದಿದೆ. ಇದೇ ಮೊದಲ್ನೇ ಸಲ. ಜಾಗ ಪಂಚಾಯ್ತಿ ಹೆಸ್ರಿಗೆ ಆಗಿದ್ರೆ ಕೆಲ್ಸ ಶುರು ಮಾಡ್ಬೋದು. ಆದ್ರೆ ಮಾರ್ಚ್ ಮೂವತ್ತೊಂದರ ಒಳಗೆ ಆಗ್ಬೇಕು. ಆಮೇಲೆ ದುಡ್ಡು ವಾಪಸ್ ಹೋಗುತ್ತೆ."

"ಸರಿ, ನಾನೆಂತ ಮಾಡ್ಲಿ?"

ಸೆಕ್ರೆಟರಿ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ವಿಲ್ಲು ಜಾರಿಗೆ ಬರೋದು... ಅದೇ, ಗೊತ್ತಲ್ಲ ಸಾರ್ ನಿಮ್ಗೆ. ಒತ್ತಾಯ ಎಂತದೂ ಇಲ್ಲ. ಡಾಕ್ಟ್ರು ಏನಾದ್ರೂ ಟೈಮ್ ಹೇಳಿದಾರಾ ಅಂತ. ಮಾರ್ಚ್ ಒಳಗೆ ಆಗುತ್ತಾ?"

ಒಳಗಿನಿಂದ ಪ್ರೇಮಕುಮಾರಿ ಸೌದೆಯ ಕೊಳ್ಳಿ ಹಿಡಿದು ಹೊರಬಂದಳು. ಆ ಸಂಭಾವಿತ ಮನುಷ್ಯ ಟೇಪನ್ನು ಅಲ್ಲೇ ಬಿಟ್ಟು ಗದ್ದೆ ಬದುವಿನ ಮೇಲೆ ಓಡಿದ್ದನ್ನು ನಾವೆಲ್ಲ ನೋಡಿದೆವು.

ಇದಾದ ಮೇಲೆ ಓಂಕಾರಮೂರ್ತಿ ಕ್ಯಾಲೆಂಡರಿನಲ್ಲಿ ಮಾರ್ಚ್ ತಿಂಗಳ ಹಾಳೆಯನ್ನೇ ಹರಿದುಹಾಕಿದ. ಏಪ್ರಿಲ್ ಒಂದನೇ ತಾರೀಖು ಬದುಕಿದ್ದರೆ ಸಾಕು ಎಂದು ಮನೆದೇವರಿಗೆ ಹರಕೆ ಹೊತ್ತ. ಹಾಳೆ ಹರಿದರೂ ತಿಂಗಳು ಮಾತ್ರ ತನ್ನ ಪಾಡಿಗೆ ನಡೆಯಿತು. ಹೂಮಳೆ ಬಿದ್ದು, ತೋಟವೆಲ್ಲ ಬೆಳ್ಳಗೆ ಕಾಫಿ ಹೂ ಅರಳಿತು. ಊರಿಗೆಲ್ಲ ಪರಿಮಳ. ಅವನ ಮೂಗಿಗೆ ಮಾತ್ರ ಅದು ಊದಿನಕಡ್ಡಿಯ ವಾಸನೆಯಂತೆ ಬಡಿಯುತ್ತಿತ್ತು.

ಮಾರ್ಚ್ ಇಪ್ಪತ್ತೊಂಬತ್ತು, ಶನಿವಾರ ಬೆಳಿಗ್ಗೆ ಕಲ್ಲಜ್ಜಿಯ ಸೊಸೆ ಬಂದಳು. "ಅತ್ತೆಗೆ ನಾಲ್ಕು ದಿನದಿಂದ ಜ್ವರ. ಊಟ ಬಿಟ್ಟಿದಾರೆ. ನಿಮ್ಮನ್ನ ಕರ್ಕಂಡು ಬಾ ಅಂತ ಒಂದೇ ಹಟ ಓಂಕಾರಣ್ಣ."

ಸಾಯುವವರ ಮನೆಗೆ ಹೋಗುವುದೆಂದರೆ ಓಂಕಾರಮೂರ್ತಿಗೆ ಕಾಲೇ ಬರಲಿಲ್ಲ. ಪ್ರೇಮಕುಮಾರಿ ಒಂದು ಕೈ, ಸೊಸೆ ಒಂದು ಕೈ ಹಿಡಿದು ನಡೆಸಿಕೊಂಡು ಹೋದರು. ದಾರಿಯಲ್ಲಿ ನೋಡಿದವರು ಅವನನ್ನೇ ಆಸ್ಪತ್ರೆಗೆ ಒಯ್ಯುತ್ತಿದ್ದಾರೆ ಎಂದುಕೊಂಡರು.

ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಮೈ ಇಷ್ಟೇ ಇಷ್ಟಾಗಿತ್ತು. ಉಸಿರು ಕೊಳಲಿನ ತೂತಿನಿಂದ ಬಂದಂತೆ ಬರುತ್ತಿತ್ತು. ಅವನನ್ನು ಕಂಡು, "ಇನ್ನೂ ಇದೀಯನಾ?" ಎಂದಳು. ಮಾತಿನಲ್ಲಿ ಬೇಸರವಿತ್ತು.

"ಇದೀನಿ ಅಜ್ಜಿ," ಎಂದ ಅವನು ಅಪರಾಧಿಯಂತೆ.

"ನಾನು ನಿನ್ಕಿಂತ ಮೊದ್ಲು ಹೊಂಟೆ ಕಣಾ. ಹಂಗಾದ್ರೆ ನಂಗೆ ಆ ಜಾಗ ಇಲ್ಲ ಅಲ್ಲನಾ?"

ಅವನು ಅಲ್ಲೇ ನೆಲದ ಮೇಲೆ ಕೂತ.

ಅಜ್ಜಿ ಉಸಿರು ಕೂಡಿಸಿಕೊಂಡು ಹೇಳತೊಡಗಿದಳು. "ನಿಂಗೆ ನೆನಪುಂಟೋ ಇಲ್ಲೋ. ನಮ್ಮ ಯಜಮಾನ್ರು ಹೋದ್ದು ಆಷಾಢದಲ್ಲಿ. ಸಂಕದ ಮೇಲೆ ಆಳೆತ್ತರ ನೀರು. ಮೂರು ದಿನ ಇದೇ ಗೋಡೆಗೆ ಒರಗಿಸಿ ಕೂರ್ಸಿದ್ದೆ. ಬದುಕಿದ್ದಾಗ ಒಂದು ದಿನ ಮನೇಲಿ ನಿಂತೋರಲ್ಲ. ಆ ಮೂರು ದಿನ ಕೂತಿದ್ರು ನೋಡು. ಒಲೆ ಹಚ್ಚಂಗಿಲ್ಲ, ಮಕ್ಕಳಿಗೆ ಗಂಜಿ ಇಲ್ಲ. ಎರಡನೇ ದಿನಕ್ಕೆ ಮಕ್ಳು ಅಪ್ಪನ್ನ ನೋಡಿ ಹೆದ್ರಕ್ಕೆ ಶುರು ಮಾಡಿದ್ವು. ಅವ್ರ ಅಪ್ಪನ್ನೇ ನೋಡಿ." ಕೈಯಿಂದ ಗೋಡೆ ಸವರಿದಳು. "ನಂಗೆ ಸಾಯಕ್ಕೆ ಹೆದ್ರಿಕೆ ಇಲ್ಲ ಓಂಕಾರ. ಹಂಗೆ ಕಾಯ್ಕಂಡು ಕೂರಕ್ಕೆ ಹೆದ್ರಿಕೆ."

ಮೂರು ತಿಂಗಳಿಂದ ಹೆಂಡತಿಗೂ ಹೇಳದ ಮಾತು ಓಂಕಾರಮೂರ್ತಿಯ ಬಾಯಿಂದ ಹೊರಬಂತು. "ಅಜ್ಜಿ, ನಂಗೆ ಸಾಯಕ್ಕೇ ಹೆದ್ರಿಕೆ. ಊರೆಲ್ಲ ನನ್ನ ದಾರಿ ನೋಡ್ತಾ ಉಂಟು. ಸೆಕ್ರೆಟರಿ ತಾರೀಖು ಕೂಡ ಕೊಟ್ಟಿದಾರೆ."

ಕಲ್ಲಜ್ಜಿ ಅವನನ್ನು ದಿಟ್ಟಿಸಿದಳು. "ಅದಕ್ಯಾಕೆ ಸಾಯ್ತಿ ಮಾರಾಯ? ಬದುಕಿದ್ದೇ ಕೊಡು. ಯಾರು ಬೇಡ ಅಂದ್ರು?"

ಕೋಣೆಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರಿನ ಹಿರಿಯರು, ಮೇಷ್ಟ್ರು, ಪತ್ರ ಬರೆಯುವವರು, ಪಂಚಾಯ್ತಿ, ಕಳಸದ ಶಿವಯ್ಯ, ಇಷ್ಟು ಮಂದಿಯಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಹೊಳೆಯಬೇಕಾಗಿದ್ದವನಿಗಂತೂ ಹೊಳೆಯುವ ಮನಸ್ಸೇ ಇರಲಿಲ್ಲ. ಆ ತಟ್ಟಿನಲ್ಲಿ ಅವನ ಅಪ್ಪ ನೆಟ್ಟ ನಲವತ್ತು ಮೆಣಸಿನ ಬಳ್ಳಿ ಇದ್ದವು. ರಸ್ತೆ ಬದಿಯ ಸಮತಟ್ಟು ಜಾಗ, ಇಡೀ ಆರೆಕರೆಯಲ್ಲಿ ಅದೇ ಒಳ್ಳೆಯದು. ಅವನು ಹೆಂಡತಿಯ ಕಡೆ ನೋಡಿದ.

ಪ್ರೇಮಕುಮಾರಿ ಅಜ್ಜಿಯ ಕಾಲ ಹತ್ತಿರ ಕೂತು ಸೆರಗು ಕಚ್ಚಿಕೊಂಡಿದ್ದಳು. "ಕೊಟ್ಬಿಡಿ" ಎಂದಳು. "ನಿಮ್ಮನ್ನ ಹಿಂಗೆ ದಿನಾ ಸಾಯ್ಸಿ ದಿನಾ ಬದುಕ್ಸೋಕೆ ನನ್ ಕೈಲಿ ಆಗಲ್ಲ. ಕಾಲು ಎಕರೆ ತಾನೆ, ಹೋಗ್ಲಿ."

ಸೋಮವಾರ ಮಾರ್ಚ್ ಮೂವತ್ತೊಂದು. ಮಲ್ಲಿಕಾರ್ಜುನಪ್ಪನವರ ಜೀಪು. ಅವರೇ ಡ್ರೈವರು. ಪಕ್ಕದಲ್ಲಿ ಓಂಕಾರಮೂರ್ತಿ, ಹಿಂದೆ ಸೆಕ್ರೆಟರಿ, ಇಬ್ಬರು ಸಾಕ್ಷಿಗಳು. ಒಂದೊಂದು ತಿರುವಿಗೂ ಓಂಕಾರಮೂರ್ತಿ ಕಣ್ಣು ಮುಚ್ಚಿ, "ನಿಧಾನ, ನಿಧಾನ" ಎನ್ನುತ್ತಿದ್ದ. ಎದುರಿಗೆ ಮರದ ಲಾರಿ ಬಂದಾಗ ಜೀಪು ಚರಂಡಿಯ ಅಂಚಿಗೆ ಇಳಿದು ಹತ್ತಿತು. ಅವನು ಕಿರುಚಿಕೊಂಡ. ಸೆಕ್ರೆಟರಿ ಹಿಂದಿನಿಂದ ಅವನ ಭುಜ ತಟ್ಟಿ ಸಮಾಧಾನ ಹೇಳಿದರು.

"ಹೆದರ್ಬೇಡಿ ಸಾರ್. ದಾರೀಲಿ ಏನಾದ್ರೂ ಆದ್ರೂ ತೊಂದ್ರೆ ಇಲ್ಲ. ವಿಲ್ಲು ಇದ್ದೇ ಇದೆ."

ಸಬ್‌ರಿಜಿಸ್ಟ್ರಾರ್ ಎರಡೂ ಕಾಗದವನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಒಂದೇ ಜಾಗ. ಸತ್ ಮೇಲೂ ಕೊಡ್ತೀರಿ, ಬದುಕಿದ್ದೂ ಕೊಡ್ತೀರಿ. ಎರಡ್ರಲ್ಲಿ ಯಾವ್ದು?"

"ಬದುಕಿದ್ದು!" ಎಂದು ಓಂಕಾರಮೂರ್ತಿ ಕೂಗಿದ. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಬದುಕಿದ್ದೇ ಕೊಡದು ಸ್ವಾಮಿ! ವಿಲ್ಲು ರದ್ದು ಮಾಡಿ. ಅದ್ರಲ್ಲಿ ನಾನು ಸಾಯ್ತೀನಿ ಅಂತ ಎಲ್ಲೆಲ್ಲಿ ಬರ್ದಿದೆಯೋ ಅಲ್ಲೆಲ್ಲ ಹೊಡ್ದು ಹಾಕಿ!"

ದಾನಪತ್ರಕ್ಕೆ ಅವನು ಹಾಕಿದ ಸಹಿ ಒಂದೇ ಸಾಲಿನಲ್ಲಿ ಬಿತ್ತು. ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ ಸೀಲು ಬಿತ್ತು. ಸೆಕ್ರೆಟರಿ ಆನಂದದಿಂದ ಅವನನ್ನು ಅಪ್ಪಿಕೊಂಡು, "ನೂರು ವರ್ಷ ಬಾಳಿ ಸಾರ್" ಎಂದು ಹಾರೈಸಿದರು. ಅವರ ಮಾತಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಇನ್ನು ಬಾಳಿದರೆ ಪಂಚಾಯ್ತಿಗೆ ನಷ್ಟವೇನು?

ಊರಿಗೆ ಬಂದವನು ನೇರವಾಗಿ ಅಜ್ಜಿಯ ಮನೆಗೆ ಹೋದ. ಅಜ್ಜಿ ಕಾಗದವನ್ನು ಕೈಗೆ ತೆಗೆದುಕೊಂಡು, ಓದಲು ಬರದಿದ್ದರೂ ಸೀಲಿನ ಮೇಲೆ ಬೆರಳಾಡಿಸಿದಳು. "ಇದು ಪಕ್ಕಾನಾ?"

"ಪಕ್ಕಾ."

"ನೀನು ಇದ್ರೂ ನಡೀತದಾ?"

"ನಾನು ಇದ್ರೂ ನಡೀತದೆ ಅಜ್ಜಿ."

"ಹಂಗಾದ್ರೆ ಒಂಚೂರು ಕಾಫಿ ಕೊಡೇ" ಎಂದಳು ಸೊಸೆಗೆ. ಎರಡು ದಿನದಲ್ಲಿ ಜ್ವರ ಇಳಿದು, ನಾಲ್ಕನೇ ದಿನ ಅಂಗಳದಲ್ಲಿ ಕೋಳಿ ಓಡಿಸುತ್ತಿದ್ದಳು.

ಓಂಕಾರಮೂರ್ತಿಯ ಮನೆಗೆ ಎಳನೀರು ಬರುವುದು ನಿಂತಿತು. ಬಸ್ಸಿನಲ್ಲಿ ಸೀಟು ಬಿಡುವುದೂ ನಿಂತಿತು. ಪಕ್ಕದ ಮನೆಯವನು ಬೇಲಿಯ ಜಗಳವನ್ನು ನಿಲ್ಲಿಸಿದಲ್ಲಿಂದ ಮತ್ತೆ ಎತ್ತಿಕೊಂಡ. ಇವನಿಗೆ ಒಳಗೊಳಗೇ ಕೊಂಚ ಬೇಜಾರಾಯಿತು ಎಂದು ಪ್ರೇಮಕುಮಾರಿ ಹೇಳುತ್ತಾಳೆ. ಆದರೆ ಉಪ್ಪು, ಖಾರ, ಕಾಫಿ ಮನೆಗೆ ಮರಳಿದವು.

ಮೇ ತಿಂಗಳಲ್ಲಿ ಕಾಂಪೌಂಡು ಎದ್ದಿತು. ಮಲ್ಲಿಕಾರ್ಜುನಪ್ಪನವರ ಗೇಟೂ ಬಂತು. ಆದರೆ ಆಗ ಹೆದರಿಕೆ ಊರಿಗೆ ಹಿಡಿಯಿತು. ಹೊಸ ಜಾಗ, ಮೊದಲು ಯಾರು? ಕೆಮ್ಮಿದವರನ್ನು ಎಲ್ಲರೂ ತಿರುಗಿ ನೋಡುವಂತಾಯಿತು. ಕಲ್ಲಜ್ಜಿಯೂ ಒಂದು ದಿನ ಓಂಕಾರಮೂರ್ತಿಯ ಜಗಲಿಗೆ ಬಂದು ಕೂತು, ಎಲೆ ಅಡಿಕೆ ಹಾಕಿಕೊಂಡು, ದನಿ ತಗ್ಗಿಸಿ ಹೇಳಿದಳು.

"ಜಾಗ ಏನೋ ಚೆನ್ನಾಗುಂಟು. ಆದ್ರೆ ಅಲ್ಲಿ ಒಬ್ಬಳೇ ಇರಾದು ಅಂದ್ರೆ ಎಂತದೋ ಆಗ್ತದೆ ಕಣಾ. ಹೊಸ ಮನೆಗೆ ಒಬ್ಬರೇ ಹೋದಂಗೆ."

"ಅದಕ್ಕೆ ನಾನೆಂತ ಮಾಡ್ಲಿ ಅಜ್ಜಿ?" ಎಂದು ಓಂಕಾರಮೂರ್ತಿ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದ.

ಜುಲೈ ಎರಡನೇ ವಾರ. ಸಂಕದ ಮೇಲೆ ನೀರು ಹತ್ತಿತ್ತು. ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಕಲ್ಲಜ್ಜಿ ಗೋಡೆಗೆ ಒರಗಿದವಳು ಏಳಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಸುದ್ದಿ ಎಲ್ಲರಿಗೂ ಮುಟ್ಟಿತು. ಮಧ್ಯಾಹ್ನ ಮೂರಕ್ಕೆಲ್ಲ ಮೆರವಣಿಗೆ ಹೊರಟಿತು. ಹಳ್ಳ ಭೋರ್ಗರೆಯುತ್ತಿದ್ದರೂ ಯಾರೂ ಅದರ ಕಡೆ ತಿರುಗಿ ನೋಡುವ ಅಗತ್ಯವಿರಲಿಲ್ಲ.

ಹೆಗಲು ಕೊಟ್ಟವರಲ್ಲಿ ಓಂಕಾರಮೂರ್ತಿಯೂ ಇದ್ದ. ಗೇಟು ದಾಟುವಾಗ ಅವನು ಕಣ್ಣು ಮುಚ್ಚಿಕೊಂಡೇ ಹೆಜ್ಜೆ ಇಟ್ಟ. ಒಳಗೆ ಹೋದ ಮೇಲೆ ಅವನು ಮೆಲ್ಲಗೆ ಗುಂಡಿಯ ಅಂಚಿಗೆ ಬಗ್ಗಿ ಏನೋ ಹೇಳಿದ. ಪಕ್ಕದಲ್ಲಿ ನಿಂತ ನನಗೆ ಕೇಳಿತು.

"ಹೆದರ್ಬೇಡ ಅಜ್ಜಿ. ನಮ್ ತೋಟ ಇಲ್ಲೇ ಪಕ್ಕ. ದಿನಾ ಒಂದು ಸಲ ಈ ಕಡೆ ಬಂದು ಹೋಗ್ತೀನಿ."

ಆಡಿದ ಮಾತು ಉಳಿಸಿಕೊಂಡ. ಮರುದಿನ ಮಳೆ ಒಂದು ಗಳಿಗೆ ಬಿಟ್ಟು ಹೊಳವಾದಾಗ ಅವನು ಕಂಬಳಿಕೊಪ್ಪೆ ಹಾಕಿಕೊಂಡು ಹೊರಟ. ಕೈಯಲ್ಲಿ ಕೋಲಿರಲಿಲ್ಲ. ಅರ್ಧ ಗಂಟೆ ಕಳೆದು ವಾಪಸ್ಸು ಬಂದು ಜಗಲಿಯಲ್ಲಿ ಕಾಲು ತೊಳೆದುಕೊಂಡ.

"ಎಲ್ಲಿಗೆ ಹೋಗಿದ್ರಿ?" ಎಂದಳು ಪ್ರೇಮಕುಮಾರಿ.

"ಕಲ್ಲಜ್ಜಿ ಹತ್ರ. ಚಳಿ ಆಗ್ತಾ ಉಂಟು, ಒಂಚೂರು ಬಿಸಿ ಕಾಫಿ ಕೊಡು" ಎಂದ.